ಗೊಂಬೆಮನೆಯ ಅಡುಗೆಕೋಣೆಯಲ್ಲೊಂದು ಸಾವು

(ನವರಾತ್ರಿಯ ಸಂದರ್ಭದಲ್ಲಿ ನಗರದ ಮಹಿಳಾ ಸಮಾಜವೊಂದು ಏರ್ಪಡಿಸಿದ್ದ ಗೊಂಬೆ ಪ್ರದರ್ಶನದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)

ಗೊಂಬೆಗಳ ಬಗ್ಗೆ ನಾಲ್ಕು ಮಾತು ಆಡಬೇಕೆಂದು ನಿಮ್ಮ ಕಾರ್ಯದರ್ಶಿಗಳು ಫೋನ್ ಮಾಡಿದಾಗ, ‘ನನ್ನನ್ನೇ ಏಕೆ ಕರೆಯುತ್ತಿದ್ದೀರಿ?’ ಎಂದು ಕೇಳಿದೆ. ಪತ್ರಿಕೆಯಲ್ಲಿ ನನ್ನ ಪಾಲಿಗೆ ಬಂದಿರುವುದು ಅಪರಾಧ ವರದಿ. ಠಾಣೆ, ಶವಾಗಾರ, ಕೋರ್ಟು ಎಂದು ಅಲೆಯುವವರಿಗೆ ಗೊಂಬೆಯ ಸಹವಾಸ ಎಲ್ಲಿಂದ ಬರಬೇಕು? ‘ಏನಾದರೂ ಹೇಳಿ, ಇಪ್ಪತ್ತು ನಿಮಿಷ ಸಾಕು’ ಎಂದರು. ಫೋನ್ ಇಟ್ಟ ಮೇಲೆ ಠಾಣೆಗೂ ಗೊಂಬೆಗೂ ಇರುವ ಒಂದು ನಂಟು ನೆನಪಾಯಿತು. ಇವತ್ತು ಅದನ್ನೇ ಹೇಳುತ್ತೇನೆ. ಹಬ್ಬದ ದಿನ ಸಾವಿನ ಮಾತೇ ಎಂದು ಹಿರಿಯರು ಬೇಸರ ಮಾಡಿಕೊಳ್ಳಬಾರದು.

ಬಂದ ಕೂಡಲೆ ನೀವು ಕೂರಿಸಿರುವ ಗೊಂಬೆಗಳನ್ನು ಒಂದು ಸುತ್ತು ನೋಡಿದೆ. ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳು. ಕೆಳಗೆ ಶೆಟ್ಟಿ, ಶೆಟ್ಟಿತಿ, ಅವರ ಅಂಗಡಿ. ಅಂಗಡಿಯಲ್ಲಿ ನಿಜವಾದ ತೊಗರಿಬೇಳೆ, ನಿಜವಾದ ಮೆಣಸು. ಒಂದೊಂದು ಕಡಲೆಕಾಳೂ ಶೆಟ್ಟಿಯ ಮೂಗಿಗಿಂತ ದೊಡ್ಡದು! ಪಕ್ಕದಲ್ಲಿ ರಾಗಿ ಪೈರಿನ ಪಾರ್ಕು. ಅಲ್ಲಿಯ ಹುಲ್ಲು ಆನೆಯ ಹೊಟ್ಟೆ ಮುಟ್ಟುತ್ತಿದೆ. ಇದನ್ನು ತಪ್ಪೆಂದು ಯಾರೂ ಹೇಳುವುದಿಲ್ಲ. ನಮ್ಮ ಗೊಂಬೆ ಹಬ್ಬಕ್ಕೆ ಅಳತೆಯ ಹಂಗಿಲ್ಲ. ನಾನು ಹೇಳಹೊರಟಿರುವ ಗೊಂಬೆಮನೆ ಇನ್ನೊಂದು ಜಾತಿಯದು. ಅದು ಬೆಳೆದದ್ದು ಯುರೋಪಿನಲ್ಲಿ. ಅಳತೆಯೇ ಅದರ ಜೀವ.

ಮೊದಮೊದಲು ಅದು ಮಕ್ಕಳ ಆಟಿಕೆಯೂ ಆಗಿರಲಿಲ್ಲ. ದೊಡ್ಡವರ, ಅದರಲ್ಲೂ ಹಣವಂತರ ಶೋಕಿ. ಬವೇರಿಯಾದ ಡ್ಯೂಕ್ 5ನೇ ಆಲ್ಬ್ರೆಕ್ಟ್ 1550ರ ದಶಕದ ಕೊನೆಯಲ್ಲಿ ಅಂಥದೊಂದನ್ನು ಮಾಡಿಸಿದ. ಅದು ಮುಂದೆ ಬೆಂಕಿಗೆ ಆಹುತಿಯಾಯಿತು. ಆಮ್‌ಸ್ಟರ್‌ಡ್ಯಾಮಿನ ವರ್ತಕನ ಹೆಂಡತಿ ಪೆಟ್ರೊನೆಲ್ಲಾ ಊರ್ಟ್‌ಮನ್ ಮಾಡಿಸಿದ್ದು ಮಾತ್ರ ಆ ನಗರದ ರೈಕ್ಸ್ ಮ್ಯೂಸಿಯಮ್ಮಿನಲ್ಲಿ ಉಳಿದಿದೆ. 1686ರ ಸುಮಾರಿಗೆ ಶುರು ಮಾಡಿದ ಕೆಲಸ 1710ರ ತನಕ ನಡೆಯಿತು. ಆಳೆತ್ತರವನ್ನೂ ಮೀರುವ ಒಂದು ಬೀರು, ಅದರೊಳಗೆ ಸಾಲುಸಾಲು ಕೋಣೆಗಳು. ಪುಟ್ಟ ಪಿಂಗಾಣಿ ಬಟ್ಟಲುಗಳನ್ನು ಆಕೆ ಚೀನಾದಿಂದ ತರಿಸಿದಳು. ಅಕ್ಕಸಾಲಿಗರು, ಬುಟ್ಟಿ ಹೆಣೆಯುವವರು, ಗಾಜು ಊದುವವರು, ಎಲ್ಲರಿಗೂ ಅಲ್ಲಿ ಕೆಲಸ ಸಿಕ್ಕಿತು. ತಗುಲಿದ ವೆಚ್ಚ 20ರಿಂದ 30 ಸಾವಿರ ಗಿಲ್ಡರ್. ಆಗ ಆ ಊರಿನ ಕಾಲುವೆ ದಂಡೆಯಲ್ಲಿ ಒಂದು ನಿಜವಾದ ಮನೆ ಕೊಳ್ಳಲು ಹೆಚ್ಚುಕಡಿಮೆ ಅಷ್ಟೇ ಹಣ ಬೇಕಾಗುತ್ತಿತ್ತಂತೆ.

ಇಂಗ್ಲೆಂಡಿನದು ನಮಗೆ ಸ್ವಲ್ಪ ಹತ್ತಿರದ ಸಂಗತಿ. ನವದೆಹಲಿಯಲ್ಲಿ ಇಂದಿನ ರಾಷ್ಟ್ರಪತಿ ಭವನವನ್ನು ವಿನ್ಯಾಸ ಮಾಡಿದ ಎಡ್ವಿನ್ ಲುಟ್ಯೆನ್ಸ್ ಆ ಕೆಲಸದ ನಡುವೆಯೇ, 1921ರಿಂದ 1924ರವರೆಗೆ, ಮೇರಿ ರಾಣಿಗಾಗಿ ಒಂದು ಗೊಂಬೆಮನೆ ಕಟ್ಟಿದ. ಒಂದು ಕಡೆ ಸಾಮ್ರಾಜ್ಯದ ಅರಮನೆ, ಇನ್ನೊಂದು ಕಡೆ ಮೇಜಿನ ಮೇಲಿಡುವ ಅರಮನೆ! ಅದರ ನಲ್ಲಿಯಲ್ಲಿ ನೀರು ಬರುತ್ತದೆ, ಲಿಫ್ಟು ಮೇಲೆ ಕೆಳಗೆ ಓಡುತ್ತದೆ, ನೆಲಮಾಳಿಗೆಯ ಸೀಸೆಗಳಲ್ಲಿ ನಿಜವಾದ ಮದ್ಯವಿದೆ. ವಿಂಡ್ಸರ್ ಕೋಟೆಯಲ್ಲಿರುವ ಈ ಮನೆಯ ಗ್ರಂಥಾಲಯಕ್ಕೆಂದೇ ಆ ಕಾಲದ ಸಾಹಿತಿಗಳು ಅಂಗುಲದಳತೆಯ ಪುಸ್ತಕಗಳನ್ನು ಬರೆದುಕೊಟ್ಟರು. ಅವರಲ್ಲೊಬ್ಬ ಆರ್ಥರ್ ಕಾನನ್ ಡಾಯ್ಲ್. ಆತ ಬರೆದದ್ದು ಷರ್ಲಾಕ್ ಹೋಮ್ಸನ ಒಂದು ಪುಟಾಣಿ ಕಥೆ. ಹೀಗೆ ಗೊಂಬೆಮನೆಯೊಳಕ್ಕೆ ಪತ್ತೇದಾರ ಅಂದೇ ಕಾಲಿಟ್ಟಿದ್ದ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಲುಟ್ಯೆನ್ಸ್ ಬಳಸಿದ ಅಳತೆ ಅಡಿಗೊಂದು ಅಂಗುಲ. ಎಂದರೆ ಎಲ್ಲವೂ ಹನ್ನೆರಡನೇ ಒಂದು ಪಾಲು. ಏಳಡಿ ಬಾಗಿಲು ಏಳಂಗುಲವಾಗುತ್ತದೆ, ಐದೂವರೆ ಅಡಿಯ ಮನುಷ್ಯ ಐದೂವರೆ ಅಂಗುಲ. ಇಷ್ಟೇ ತಾನೆ, ಭಾಗಿಸಿದರಾಯಿತು ಎಂದುಕೊಳ್ಳಬೇಡಿ. ಭಾಗಾಕಾರಕ್ಕೆ ಒಗ್ಗದ ವಸ್ತುಗಳೇ ಹೆಚ್ಚು. ಸೀರೆಯ ನೆರಿಗೆ ತನ್ನ ಭಾರಕ್ಕೆ ತಾನೇ ಇಳಿಬೀಳುತ್ತದೆ. ಅದೇ ಬಟ್ಟೆಯನ್ನು ಆರಂಗುಲಕ್ಕೆ ಕತ್ತರಿಸಿ ಗೊಂಬೆಗೆ ಉಡಿಸಿ ನೋಡಿ, ಗಂಜಿ ಹಾಕಿದ ಹಾಗೆ ಸೆಟೆದು ನಿಲ್ಲುತ್ತದೆ. ಬಟ್ಟೆ ಚಿಕ್ಕದಾದರೂ ಅದರ ನೂಲು ಚಿಕ್ಕದಾಗಿಲ್ಲ. ತೇಗದ ಹಲಗೆಯ ಗೆರೆಗಳು ಮಂಚಕ್ಕೆ ಲಕ್ಷಣ. ಅಂಗೈಯಗಲದ ಮಂಚದಲ್ಲಿ ಅದೇ ಗೆರೆಗಳು ಉಳುಮೆಯ ಸಾಲಿನಂತೆ ಕಾಣುತ್ತವೆ. ಆದ್ದರಿಂದ ಕಣ್ಣಿಗೆ ಗೆರೆಯೇ ಕಾಣದಂಥ ನಯವಾದ ಮರ ಹುಡುಕಬೇಕು. ಸಣ್ಣದನ್ನು ಮಾಡುವವರು ದೊಡ್ಡದನ್ನು ಮಾಡುವವರಿಗಿಂತ ಹೆಚ್ಚು ನೋಡಿರಬೇಕಾಗುತ್ತದೆ. ಮೇಜಿನ ಅಂಚು ಎಲ್ಲಿ ಸವೆಯುತ್ತದೆ, ಗೋಡೆಯಲ್ಲಿ ಕೈಯ ಜಿಡ್ಡು ಎಲ್ಲಿ ಹಿಡಿಯುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ಗೊಂಬೆಮನೆ ಪೀಠೋಪಕರಣದ ಅಂಗಡಿಯಂತಾಗುತ್ತದೆ.

ಈಗ ಅಮೆರಿಕಕ್ಕೆ ಬರೋಣ. ಷಿಕಾಗೋ ನಗರದ ಸಿರಿವಂತ ಬಳಗದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಬ್ಬರು ಹೆಂಗಸರಿಗೆ ಈ ಹುಚ್ಚು ಹಿಡಿದಿತ್ತು. ಒಬ್ಬಾಕೆ ನಾರ್ಸಿಸಾ ಥಾರ್ನ್. ಆಕೆ ಕುಶಲಕರ್ಮಿಗಳನ್ನು ಇಟ್ಟುಕೊಂಡು 1930ರ ದಶಕದಲ್ಲಿ ಮಾಡಿಸಿದ 68 ಕೋಣೆಗಳು ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿವೆ. ಫ್ರೆಂಚ್ ದರ್ಬಾರು ಕೋಣೆ, ಇಂಗ್ಲಿಷ್ ಗ್ರಂಥಾಲಯ, ಕಿಟಕಿಯಾಚೆ ತೋಟ, ತೋಟದ ಮೇಲೆ ಸಂಜೆಯ ಬೆಳಕು. ಫೋಟೋ ತೋರಿಸಿದರೆ ಅರಮನೆಯ ಒಳಭಾಗವೆಂದೇ ನಂಬುತ್ತೀರಿ. ಆದರೆ ಅಲ್ಲಿ ಒಬ್ಬ ಮನುಷ್ಯನೂ ಇಲ್ಲ. ಒಂದು ಗೊಂಬೆಯೂ ಇಲ್ಲ. ಯಾರೂ ಎಂದೂ ಕಾಫಿ ಚೆಲ್ಲದ ಕೋಣೆಗಳವು. ನನ್ನ ಅಭಿಪ್ರಾಯ ಕೇಳಿದರೆ, ನೋಡಿ ಮೆಚ್ಚಬಹುದು, ಅಷ್ಟೆ.

ಇನ್ನೊಬ್ಬಾಕೆಯೇ ನನ್ನ ಇವತ್ತಿನ ಕಥಾನಾಯಕಿ, ಫ್ರಾನ್ಸಿಸ್ ಗ್ಲೆಸ್ನರ್ ಲೀ. ಹುಟ್ಟಿದ್ದು 1878ರಲ್ಲಿ. ತಂದೆ ಬೇಸಾಯದ ಯಂತ್ರಗಳನ್ನು ತಯಾರಿಸಿ ಕೋಟ್ಯಧೀಶರಾದವರು. ಅಣ್ಣ ಹಾರ್ವರ್ಡಿಗೆ ಹೋದ. ಈಕೆ ಮನೆಗೆ ಬರುವ ಮೇಷ್ಟರುಗಳಿಂದ ಪಾಠ ಕಲಿತರು. ಜತೆಗೆ ಹೊಲಿಗೆ, ಹೆಣಿಗೆ, ಮನೆ ಅಲಂಕಾರ. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಇಪ್ಪತ್ತರ ಹರೆಯದಲ್ಲಿ ವಕೀಲರೊಬ್ಬರೊಂದಿಗೆ ಮದುವೆ, ಮೂವರು ಮಕ್ಕಳು, 1914ರಲ್ಲಿ ವಿಚ್ಛೇದನ. 1913ರಲ್ಲಿ ತಾಯಿಯ ಹುಟ್ಟುಹಬ್ಬಕ್ಕೆ ಷಿಕಾಗೋ ಸಿಂಫನಿ ವಾದ್ಯವೃಂದದ 90 ಮಂದಿಯನ್ನೂ ವಾದ್ಯ ಸಮೇತ ಪುಟ್ಟ ಗೊಂಬೆಗಳಾಗಿ ಮಾಡಿ ಕೊಟ್ಟಿದ್ದರು. ಅಲ್ಲಿಗೆ ನಿಂತಿದ್ದರೆ ಆಕೆಯ ಹೆಸರು ಇವತ್ತು ನಮಗೆ ಬೇಕಾಗಿರಲಿಲ್ಲ.

ಅಣ್ಣನ ಕಾಲೇಜು ಗೆಳೆಯ ಜಾರ್ಜ್ ಮಗ್ರಾತ್ ಎಂಬಾತ ಬಾಸ್ಟನ್ನಿನಲ್ಲಿ ಶವಪರೀಕ್ಷೆಯ ವೈದ್ಯನಾಗಿದ್ದ. ಗ್ಲೆಸ್ನರ್ ಮನೆತನಕ್ಕೆ ಬಂದು ಹೋಗುತ್ತಿದ್ದ ಆತ ಹೇಳಿದ ಸಂಗತಿಗಳು ಈಕೆಯ ತಲೆ ಕೆಡಿಸಿದವು. ಅಮೆರಿಕದ ಬಹುಭಾಗದಲ್ಲಿ ಆಗ ಅನುಮಾನದ ಸಾವುಗಳ ವಿಚಾರಣೆ ನಡೆಸುತ್ತಿದ್ದವರು ಕಾರೊನರ್ ಎಂಬ ಅಧಿಕಾರಿಗಳು. ಅವರಲ್ಲಿ ಅನೇಕರು ಓಟಿನಲ್ಲಿ ಗೆದ್ದು ಬಂದವರು. ವೈದ್ಯಶಾಸ್ತ್ರದ ಗಂಧ ಇರಲೇಬೇಕೆಂದಿರಲಿಲ್ಲ. ಪೊಲೀಸರಿಗೋ ಸ್ಥಳದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬ ತರಬೇತಿ ಇರಲಿಲ್ಲ. ರಕ್ತ ತುಳಿಯುವುದು, ಹೆಣ ಸರಿಸುವುದು, ಬಟ್ಟೆಯ ತೂತಿನೊಳಗೆ ಬೆರಳು ಹಾಕುವುದು ಎಲ್ಲ ಮಾಮೂಲು. ಕೊಲೆ ಆಕಸ್ಮಿಕವಾಗುತ್ತಿತ್ತು, ಆಕಸ್ಮಿಕ ಕೊಲೆಯಾಗುತ್ತಿತ್ತು.

ಅಣ್ಣ, ತಾಯಿ, ತಂದೆ ಒಬ್ಬೊಬ್ಬರಾಗಿ ತೀರಿಕೊಂಡ ಮೇಲೆ ಆಸ್ತಿ ಆಕೆಯ ಕೈಗೆ ಬಂತು. ವಯಸ್ಸು ಐವತ್ತು ದಾಟಿತ್ತು. 1931ರಲ್ಲಿ ಆಕೆಯ ನೆರವಿನಿಂದ ಹಾರ್ವರ್ಡಿನಲ್ಲಿ ನ್ಯಾಯವೈದ್ಯಶಾಸ್ತ್ರದ ವಿಭಾಗ ಆರಂಭವಾಯಿತು. 1934ರಲ್ಲಿ ಅದಕ್ಕೊಂದು ಗ್ರಂಥಾಲಯ, 1936ರಲ್ಲಿ ಎರಡೂವರೆ ಲಕ್ಷ ಡಾಲರ್ ದತ್ತಿ. ಇದರಲ್ಲೊಂದು ಸೋಜಿಗವಿದೆ. ಹಾರ್ವರ್ಡ್ ವೈದ್ಯಕೀಯ ಕಾಲೇಜು ಹೆಣ್ಣುಮಕ್ಕಳನ್ನು ಮೊದಲ ಬಾರಿಗೆ ಸೇರಿಸಿಕೊಂಡದ್ದು 1945ರಲ್ಲಿ. ತನ್ನಂಥವರಿಗೆ ಬೆಂಚು ಕೊಡದ ಕಾಲೇಜಿಗೆ ಈಕೆ ಒಂದಿಡೀ ವಿಭಾಗವನ್ನೇ ಕೊಟ್ಟಿದ್ದರು!

ಆದರೆ ಪೊಲೀಸರಿಗೆ ಕಲಿಸುವುದು ಹೇಗೆ? ನಿಜವಾದ ಸಾವಿನ ಸ್ಥಳಕ್ಕೆ ಐವತ್ತು ಜನರನ್ನು ಕರೆದೊಯ್ಯಲಾಗದು. ಕೊಂಡೊಯ್ದರೂ ಆ ಸ್ಥಳ ನಾಳೆಗೆ ಉಳಿಯುವುದಿಲ್ಲ. ಫೋಟೋದಲ್ಲಿ ಕಾಣುವುದು ಕ್ಯಾಮೆರಾ ಹಿಡಿದವನು ನೋಡಿದ್ದು ಮಾತ್ರ. ಆಗ ಲೀ ತಮಗೆ ಬಾಲ್ಯದಿಂದ ಬರುತ್ತಿದ್ದ ವಿದ್ಯೆಯ ಕಡೆಗೆ ತಿರುಗಿದರು. 1940ರ ದಶಕದಲ್ಲಿ, ಅರವತ್ತೈದರ ಆಸುಪಾಸಿನಲ್ಲಿ, ನ್ಯೂ ಹ್ಯಾಂಪ್‌ಶೈರಿನ ತಮ್ಮ ಎಸ್ಟೇಟಿನಲ್ಲಿ ರಾಲ್ಫ್ ಮೋಷರ್ ಎಂಬ ಬಡಗಿಯನ್ನು ಕೂರಿಸಿಕೊಂಡು ಗೊಂಬೆಮನೆಗಳನ್ನು ಕಟ್ಟತೊಡಗಿದರು. ಅಳತೆ ಅದೇ, ಅಡಿಗೊಂದು ಅಂಗುಲ. ಪ್ರತಿಯೊಂದರಲ್ಲೂ ಒಂದು ಹೆಣ, ಕೆಲವದರಲ್ಲಿ ಒಂದಕ್ಕಿಂತ ಹೆಚ್ಚು. ಇಡೀ ಸರಣಿಗೆ ಆಕೆ ಇಟ್ಟ ಹೆಸರು ‘ನಟ್‌ಶೆಲ್ ಸ್ಟಡೀಸ್’, ಕಾಯಿಯ ಚಿಪ್ಪಿನಲ್ಲಿ ಹಿಡಿಸುವಷ್ಟು ಸಣ್ಣ ಪಾಠಗಳು ಎಂದರ್ಥ. ತಪ್ಪಿತಸ್ಥನಿಗೆ ಶಿಕ್ಷೆಯಾಗಬೇಕು, ನಿರಪರಾಧಿ ಬಿಡುಗಡೆಯಾಗಬೇಕು, ಸತ್ಯ ಈ ಚಿಪ್ಪಿನೊಳಗೇ ಸಿಗಬೇಕು ಎಂಬ ಪೊಲೀಸರ ನಾಣ್ಣುಡಿಯೊಂದರಿಂದ ಬಂದ ಹೆಸರು ಅದು.

ಬಾಲ್ಟಿಮೋರಿನಲ್ಲಿರುವ ಆ ಪೆಟ್ಟಿಗೆಗಳನ್ನು ನಾನು ಕಣ್ಣಾರೆ ಕಂಡಿಲ್ಲ. ದೊಡ್ಡದು ಮಾಡಿದ ಛಾಯಾಚಿತ್ರಗಳನ್ನು ನೋಡಿದ್ದೇನೆ. ನೋಡುತ್ತಾ ಹೋದಂತೆ ಭಯಕ್ಕಿಂತ ಬೆರಗೇ ಹೆಚ್ಚಾಗುತ್ತದೆ. ಗುಂಡುಸೂಜಿಗಳನ್ನೇ ಕಡ್ಡಿಯಾಗಿ ಹಿಡಿದು ಲೀ ಗೊಂಬೆಗಳಿಗೆ ಕಾಲುಚೀಲ ಹೆಣೆದರು. ಸಿಗರೇಟುಗಳಲ್ಲಿ ನಿಜವಾದ ಹೊಗೆಸೊಪ್ಪಿದೆ. ಇಲಿಬೋನು ಕೆಲಸ ಮಾಡುತ್ತದೆ. ಕಿಟಕಿಯ ಪರದೆ ಸುತ್ತಿಕೊಳ್ಳುತ್ತದೆ. ಅಡುಗೆಮನೆಯ ಡಬ್ಬಿಗಳ ಮೇಲೆ ಕಂಪೆನಿಯ ಚೀಟಿ ಇದೆ. ಇವು ಯಾವುವೂ ನಾರ್ಸಿಸಾ ಥಾರ್ನ್ ಅವರ ದರ್ಬಾರು ಕೋಣೆಗಳಲ್ಲ. ಬಾಡಿಗೆ ಕೋಣೆ, ಮರದ ಗುಡಿಸಲು, ಅಟ್ಟ, ಕೊಟ್ಟಿಗೆ, ಕೂಲಿಕಾರರ ಮನೆ. ಗೋಡೆಕಾಗದ ಕಿತ್ತುಬಂದಿದೆ, ಒಲೆಯ ಮೇಲೆ ಮಸಿ ಕಟ್ಟಿದೆ. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು. ಸತ್ತು ಎಷ್ಟು ಹೊತ್ತಾಗಿದೆ ಎಂಬುದಕ್ಕೆ ತಕ್ಕಂತೆ ಗೊಂಬೆಗಳ ಮೈಬಣ್ಣ ಬೇರೆ ಬೇರೆ. ರಕ್ತ ಇಳಿದು ಹೆಪ್ಪುಗಟ್ಟಿದ ಕಡೆ ನೇರಳೆ, ವಿಷಾನಿಲದಿಂದ ಸತ್ತವರಿಗೆ ಕೆಂಪು. ಹದಿನೇಳು ಹಾಸಿಗೆ ಹಾಸಿದ ಕೈ ಮಾತ್ರ ಇದನ್ನು ಮಾಡಬಲ್ಲದು ಎನಿಸುತ್ತದೆ. ಮನೆಗೆಲಸ ಬಲ್ಲವರ ಕಣ್ಣು ಎಂದರೆ ಇದೇ.

ಒಂದನ್ನಾದರೂ ವಿವರವಾಗಿ ಹೇಳಬೇಕು. ಅದರ ಹೆಸರು ‘ಅಡುಗೆಮನೆ’. ಕಾಲ 1944ರ ಏಪ್ರಿಲ್, ಒಂದು ಮಧ್ಯಾಹ್ನ. ಬಾರ್ಬರಾ ಬಾರ್ನ್ಸ್ ಎಂಬ ಗೃಹಿಣಿ ನೆಲದ ಮೇಲೆ ಬಿದ್ದಿದ್ದಾಳೆ. (ಹೆಸರುಗಳೆಲ್ಲ ಕಲ್ಪಿತ. ನಿಜವಾದ ಪ್ರಕರಣಗಳಿಂದ ಎಳೆಗಳನ್ನು ತೆಗೆದು, ಹೆಸರು ಕುರುಹು ಬದಲಿಸಿ ಲೀ ಕಥೆ ಕಟ್ಟುತ್ತಿದ್ದರು.) ಗಂಡನ ಹೇಳಿಕೆ ಹೀಗಿದೆ: ನಾಲ್ಕು ಗಂಟೆ ಹೊತ್ತಿಗೆ ಹೆಂಡತಿ ಹೇಳಿದ ಕೆಲಸಕ್ಕೆ ಪೇಟೆಗೆ ಹೋದೆ. ಒಂದೂವರೆ ಗಂಟೆ ಬಿಟ್ಟು ಬಂದಾಗ, ಹೋಗುವಾಗ ತೆರೆದಿದ್ದ ಬಾಗಿಲಿಗೆ ಬೀಗ. ಕೂಗಿದರೆ ಉತ್ತರವಿಲ್ಲ. ಕಿಟಕಿಯಿಂದ ಇಣುಕಿದಾಗ ಈಕೆ ಬಿದ್ದಿರುವುದು ಕಂಡಿತು. ಪೊಲೀಸರನ್ನು ಕರೆದೆ. ಪೊಲೀಸರು ಒಡೆದು ಒಳಗೆ ಹೋದಾಗ ಗ್ಯಾಸ್ ಒಲೆಯ ಕೊಳವೆಗಳೆಲ್ಲ ತೆರೆದಿದ್ದವು. ಬಾಗಿಲ ಸಂದುಗಳಿಗೆ ದಿನಪತ್ರಿಕೆ ತುರುಕಿತ್ತು.

ಆತ್ಮಹತ್ಯೆ, ಮುಗಿಯಿತು ಎನ್ನುತ್ತೀರಿ. ಲೀ ಹೇಳುವುದು, ಇನ್ನೊಮ್ಮೆ ನೋಡಿ ಎಂದು. ಒಲೆಯಲ್ಲಿ ಬೇಯಿಸಿದ ತಿನಿಸು ಇದೆ. ಆಲೂಗೆಡ್ಡೆ ಅರ್ಧ ಸುಲಿದಿದೆ. ಇಸ್ತ್ರಿ ಹಲಗೆ ಬಿಚ್ಚಿದೆ, ಬಟ್ಟೆ ಪಕ್ಕದಲ್ಲಿದೆ. ಇದನ್ನು ಓದುವುದು ಹೇಗೆಂದು ಈ ಸಭೆಯಲ್ಲಿರುವ ಯಾರಿಗೂ ನಾನು ಹೇಳಿಕೊಡಬೇಕಾಗಿಲ್ಲ. ಸಾಯಲು ನಿರ್ಧರಿಸಿದವಳು ಆಲೂಗೆಡ್ಡೆ ಸುಲಿಯುತ್ತಾಳೆಯೇ? ಒಂದು ವೇಳೆ ಸುಲಿದಾಳು, ಮನಸ್ಸು ನಡುವೆ ಮುರಿದುಬೀಳುವುದೂ ಉಂಟು. ಹಾಗಾದರೆ ಪತ್ರಿಕೆ ತುರುಕಿದ್ದು ಒಳಗಿನಿಂದಲೋ, ಹೊರಗಿನಿಂದಲೋ? ಬೀಗ? ಒಂದೊಂದು ವಸ್ತುವೂ ಸಾಕ್ಷಿ ನುಡಿಯುತ್ತದೆ, ಆದರೆ ಒಂದರ ಸಾಕ್ಷಿ ಇನ್ನೊಂದಕ್ಕೆ ಕೂಡುವುದಿಲ್ಲ. ಅಂದಿನ ಪೊಲೀಸು ಇಲಾಖೆ ಗಂಡಸರದು. ಅಡುಗೆಮನೆ ಅವರಿಗೆ ಊಟ ಬರುವ ಜಾಗವೇ ಹೊರತು ಅಲ್ಲಿಯ ಕೆಲಸದ ಸರಣಿ ಗೊತ್ತಿರಲಿಲ್ಲ. ಅದನ್ನೇ ಆಕೆ ಸಾಕ್ಷ್ಯವನ್ನಾಗಿ ಮಾಡಿ ಅವರ ಮುಂದಿಟ್ಟರು.

1945ರಿಂದ ಹಾರ್ವರ್ಡಿನಲ್ಲಿ ಒಂದು ವಾರದ ತರಬೇತಿ ಶಿಬಿರಗಳು ನಡೆದವು. ಬೇರೆ ಬೇರೆ ರಾಜ್ಯಗಳ ಪೊಲೀಸರಿಗೆ ಒಬ್ಬೊಬ್ಬರಿಗೂ ಮಾದರಿಗಳನ್ನು ಹಂಚುತ್ತಿದ್ದರು. ಕೈಯಲ್ಲಿ ಟಾರ್ಚು, ಭೂತಗನ್ನಡಿ. ಸಾಕ್ಷಿಯ ಚಿಕ್ಕ ಹೇಳಿಕೆ ಒಂದು ಹಾಳೆಯಲ್ಲಿ. ಸಾಕ್ಷಿ ಸುಳ್ಳು ಹೇಳಿರಬಹುದು, ತಪ್ಪು ತಿಳಿದಿರಬಹುದು ಎಂಬ ಎಚ್ಚರಿಕೆಯೂ ಜತೆಗೆ. ಸಮಯ ತೊಂಬತ್ತು ನಿಮಿಷ. ಮೊದಲೇ ಹೆಣದ ಕಡೆ ನೋಡಬಾರದು. ಗೋಡೆಯ ಅಂಚಿನಿಂದ ಶುರುಮಾಡಿ, ಗಡಿಯಾರದ ಮುಳ್ಳಿನಂತೆ ಸುತ್ತಿ ಸುತ್ತಿ, ಕಡೆಗೆ ನಡುವಿಗೆ ಬರಬೇಕು. ಇದು ಕೊಲೆಗಾರ ಯಾರೆಂದು ಹಿಡಿಯುವ ಒಗಟಲ್ಲ, ನೋಡಿದ ಮಾತ್ರಕ್ಕೆ ಬಿಡಿಸಲೂ ಆಗದು, ನೋಡುವುದನ್ನು ಕಲಿಯುವ ಅಭ್ಯಾಸವಷ್ಟೆ ಎಂದು ಆಕೆ ಒತ್ತಿ ಹೇಳುತ್ತಿದ್ದರು. ಕೊನೆಗೆ ಬಾಸ್ಟನ್ನಿನ ರಿಟ್ಜ್ ಕಾರ್ಲ್‌ಟನ್ ಹೋಟೆಲಿನಲ್ಲಿ ಭಾರಿ ಔತಣ. ಪೊಲೀಸರಿಗೂ ಆ ಅಜ್ಜಿಯ ಮೇಲೆ ಗೌರವ ಹುಟ್ಟಿತು. ನ್ಯೂ ಹ್ಯಾಂಪ್‌ಶೈರ್ ಪೊಲೀಸು ಇಲಾಖೆ 1943ರಲ್ಲೇ ಆಕೆಗೆ ಗೌರವ ಕ್ಯಾಪ್ಟನ್ ಹುದ್ದೆ ಕೊಟ್ಟಿತ್ತು. ಪೆರಿ ಮೇಸನ್ ಕಾದಂಬರಿಗಳ ಅರ್ಲ್ ಸ್ಟಾನ್ಲಿ ಗಾರ್ಡ್‌ನರ್ ಶಿಬಿರಕ್ಕೆ ಬಂದು ಕೂತು, ಮುಂದೆ ತನ್ನ ಒಂದು ಕಾದಂಬರಿಯನ್ನು ಆಕೆಗೆ ಅರ್ಪಿಸಿದ.

ನಾನು ಈ ಕಥೆಯ ಬೆನ್ನು ಹತ್ತಿದ್ದಕ್ಕೆ ಕಾರಣ ಬೇರೆ. ಹೇಳಲೋ ಬೇಡವೋ ಎಂದು ಬರುವಾಗ ಆಟೋದಲ್ಲಿ ಯೋಚಿಸುತ್ತಿದ್ದೆ. ಹೇಳಿಬಿಡುತ್ತೇನೆ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಒಂದು ಸಂಜೆ ಬಡಾವಣೆಯೊಂದರ ಮನೆಗೆ ಹೋಗಿದ್ದೆ. ಮದುವೆಯಾಗಿ ಎರಡು ವರ್ಷದ ಹೆಣ್ಣುಮಗಳು ಅಡುಗೆಮನೆಯಲ್ಲಿ ಸುಟ್ಟು ತೀರಿಕೊಂಡಿದ್ದಳು. ‘ಗ್ಯಾಸ್ ಸೋರಿಕೆ, ಆಕಸ್ಮಿಕ’ ಎಂದು ಬಾಗಿಲಲ್ಲಿದ್ದವರು ಹೇಳಿದರು. ಬರೆದುಕೊಂಡೆ. ಎಂಟೂವರೆಗೆ ಸುದ್ದಿ ಕೊಡಬೇಕು. ಅಡುಗೆಮನೆ ನಾನು ನಿಂತಲ್ಲಿಂದ ಹತ್ತು ಹೆಜ್ಜೆ. ನನ್ನನ್ನು ಒಳಗೆ ಬಿಡುತ್ತಿರಲಿಲ್ಲವೇನೋ. ಆದರೆ ನಾನು ಕೇಳಲೂ ಇಲ್ಲ. ಒಲೆಯ ಮೇಲೆ ಪಾತ್ರೆ ಇತ್ತೇ, ಅದರಲ್ಲಿ ಏನಿತ್ತು, ಕಿಟಕಿ ತೆರೆದಿತ್ತೇ, ಕರಿ ಹಿಡಿದದ್ದು ಗೋಡೆಯ ಯಾವ ಭಾಗ, ಒಬ್ಬರನ್ನೂ ವಿಚಾರಿಸಲಿಲ್ಲ. ಮರುದಿನ ಒಳಪುಟದಲ್ಲಿ ಐದು ಸಾಲು ಬಂತು. ಮದುವೆಯಾಗಿ ಏಳು ವರ್ಷದೊಳಗಿನ ಸಾವಾದ್ದರಿಂದ ಕಾನೂನಿನ ಪ್ರಕಾರ ಮ್ಯಾಜಿಸ್ಟ್ರೇಟರ ಶವತನಿಖೆಯೂ ಆಯಿತು. ಅದರಲ್ಲೂ ಆಕಸ್ಮಿಕವೆಂದೇ ಬಂತು.

ಹದಿನೈದು ದಿನದ ಮೇಲೆ ಆ ಹುಡುಗಿಯ ತಾಯಿ ಆ ಐದು ಸಾಲಿನ ಕಟಿಂಗ್ ಹಿಡಿದು ಕಚೇರಿಗೆ ಬಂದರು. ಕೂಗಾಡಲಿಲ್ಲ, ಅಳಲಿಲ್ಲ. ‘ಇದನ್ನ ಬರೆದೋರು ನೀವೇನಾ? ಒಳಗೆ ಹೋಗಿ ನೋಡಿದ್ರಾ?’ ಎಂದು ಕೇಳಿದರು. ಇಲ್ಲ ಎಂದೆ. ‘ಅವಳು ಗ್ಯಾಸ್ ಹಚ್ಚೋಕೆ ಮೊದಲು ಕಿಟಕಿ ತೆಗೀತಿದ್ಲು. ಚಿಕ್ಕಂದಿನಿಂದ ಅಭ್ಯಾಸ. ಕಿಟಕಿ ತೆಗೆದಿತ್ತಾ?’ ಎಂದರು.

ಅದು ಆಕಸ್ಮಿಕವೇ ಇರಬಹುದು. ನಾನು ಯಾರನ್ನೂ ದೂರುತ್ತಿಲ್ಲ. ಆದರೆ ಕಿಟಕಿ ತೆರೆದಿತ್ತೋ ಇಲ್ಲವೋ ಎಂಬುದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಆ ಮನೆಗೆ ಸುಣ್ಣ ಬಳಿದು ಬಾಡಿಗೆಗೆ ಕೊಟ್ಟಾಗಿದೆ.

ಲೀ 1962ರಲ್ಲಿ ತೀರಿಕೊಂಡರು. ಹಣದ ಆಸರೆ ತಪ್ಪಿದ ಮೇಲೆ ಹಾರ್ವರ್ಡ್ ಆ ವಿಭಾಗವನ್ನು 1967ರಲ್ಲಿ ಮುಚ್ಚಿತು. ಗೊಂಬೆಮನೆಗಳು ಗುಜರಿಗೆ ಹೋಗದೆ ಉಳಿದದ್ದು ಮೇರಿಲ್ಯಾಂಡಿನ ಮುಖ್ಯ ಶವಪರೀಕ್ಷಾಧಿಕಾರಿ ಅವನ್ನು ಬಾಲ್ಟಿಮೋರಿಗೆ ತರಿಸಿಕೊಂಡದ್ದರಿಂದ. ಅಲ್ಲಿ 18 ಇವೆ. ಇನ್ನೊಂದು ಆಕೆಯ ಎಸ್ಟೇಟಿನಲ್ಲಿ ಸಿಕ್ಕಿತು. 2017ರಲ್ಲಿ ಹತ್ತೊಂಬತ್ತನ್ನೂ ವಾಷಿಂಗ್‌ಟನ್ನಿನ ರೆನ್‌ವಿಕ್ ಗ್ಯಾಲರಿಯಲ್ಲಿ ಸಾರ್ವಜನಿಕರಿಗೆ ತೋರಿಸಿದರು. ಅದಕ್ಕೆ ಮುಂಚೆ ದುರಸ್ತಿಗೆ ಕೂತವರಿಗೆ ದೊಡ್ಡ ತಲೆನೋವಾದದ್ದು ದೀಪಗಳು. ಹಳೆಯ ಬಲ್ಬುಗಳ ಶಾಖದಿಂದ ಒಳಗಿನ ವಸ್ತುಗಳು ಹಾಳಾಗುತ್ತಿದ್ದವು. ಎಲ್‌ಇಡಿ ಹಾಕಬೇಕು, ಆದರೆ ಬೆಳಕಿನ ಬಣ್ಣ ಬದಲಾಗಕೂಡದು. ಸಂಜೆ ನಾಲ್ಕರ ಬೆಳಕೋ ಏಳರ ಬೆಳಕೋ ಎಂಬುದೂ ಅಲ್ಲಿ ಸಾಕ್ಷ್ಯವೇ ತಾನೆ! ಹಾಗಾಗಿ ಹಳೆಯ ಬೆಳಕನ್ನೇ ಹೋಲುವ ಹೊಸ ದೀಪ ಮಾಡಿ ಕೂರಿಸಿದರು.

ಮುಂದಿನ ಸಾಲಿನಲ್ಲಿ ಕೂತಿರುವ ಅಮ್ಮನವರು ಆಗಿನಿಂದ ಕೈ ಎತ್ತುತ್ತಿದ್ದಾರೆ. ಅವರ ಪ್ರಶ್ನೆ ನನಗೆ ಗೊತ್ತು: ಆ ಬಾರ್ಬರಾಳನ್ನು ಕೊಂದದ್ದು ಗಂಡನೋ, ಅಲ್ಲವೋ? ಅಮ್ಮಾ, ಉತ್ತರವನ್ನು ಬಾಲ್ಟಿಮೋರಿನವರು ಹೊರಗೆ ಬಿಟ್ಟಿಲ್ಲ. ಪೊಲೀಸರ ತರಬೇತಿಗೆ ಬಳಸುವ ಮಾದರಿಯಾದ್ದರಿಂದ ಗುಟ್ಟಾಗಿಯೇ ಇಟ್ಟಿದ್ದಾರೆ. ನನಗೂ ತಿಳಿಯದು. ನೀವು ಆ ಅಡುಗೆಮನೆಯ ಚಿತ್ರ ನೋಡುವುದಾದರೆ ಇಲ್ಲಿ ನನ್ನ ಬಳಿ ಇದೆ. ಬನ್ನಿ, ಭೂತಗನ್ನಡಿಯನ್ನೂ ತಂದಿದ್ದೇನೆ. ನಿಮ್ಮ ಕಣ್ಣಿಗೆ ಏನು ಬೀಳುತ್ತದೆ ಹೇಳಿ, ನಾನು ಬರೆದುಕೊಳ್ಳುತ್ತೇನೆ.